ನಡುವೆ ನಿಲ್ಲದ ದನಿ

ರಿಪೇರಿಯಾಗಿ ಹೋದ ಸ್ಪೀಕರ್ ಮರಳಿ ಬಂದರೆ ನನಗೆ ಸಿಟ್ಟು ಬರುತ್ತದೆ. ಮೊದಲು ಗಿರಾಕಿಯ ಮೇಲೆ, ಆಮೇಲೆ ಸ್ಪೀಕರಿನ ಮೇಲೆ, ಇನ್ನೂ ಉಳಿದಿದ್ದರೆ ನನ್ನ ಮೇಲೆ. ದಸರಾ ಮುಗಿದು ಎಂಟು ಹತ್ತು ದಿನವಾಗಿತ್ತು. ಅಂದು ಬುಧವಾರ. ನರೇಗಲ್ಲಿನ ಸಂಗೀತ ಮಾಸ್ತರರ ಸ್ಪೀಕರ್ ಪೆಟ್ಟಿಗೆ ಗಜೇಂದ್ರಗಡದ ನನ್ನ ಅಂಗಡಿಗೆ ಎರಡನೇ ಸಲ ಬಂದಿಳಿದಾಗಲೂ ಸಿಟ್ಟು ಇದೇ ಕ್ರಮದಲ್ಲಿ ಬಂತು.

ಹೊತ್ತು ತಂದವರು ಮಾಸ್ತರರಲ್ಲ, ಅವರ ಶಿಷ್ಯೆ. ನರೇಗಲ್ಲಿನಲ್ಲಿ ಜಂಪರ್ ಹೊಲಿಯುವ ಟೇಲರ್ ಅವರು, ನಲವತ್ತರ ಹತ್ತಿರದ ಹೆಂಗಸು. ಬಸ್ಸಿನಲ್ಲಿ ಸೀಟು ಸಿಗದೆ ಪೆಟ್ಟಿಗೆಯನ್ನು ಕಾಲ ನಡುವೆ ಇಟ್ಟುಕೊಂಡು ನಿಂತೇ ಬಂದಿದ್ದರು. ಬೆಂಚಿನ ಮೇಲೆ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಣ್ಣಾರ, ಇದು ಸರಿ ಆಗಿಲ್ರಿ."

"ಯಾಕ್ರಿ ಅಕ್ಕಾರ, ಆಡವಲ್ದೇನು?"

"ಆಡತೈತ್ರಿ. ಆದ್ರ ಅದರಾಗ ಮಾಸ್ತರು ಇಲ್ರಿ."

ಸ್ಪೀಕರ್ ಗೊರಗೊರ ಅನ್ನುತ್ತದೆ, ಒಡೆಯುತ್ತದೆ, ಬಾಸ್ ಕಡಿಮೆ, ಇಂಥ ದೂರುಗಳಿಗೆ ನನ್ನ ಹತ್ತಿರ ಉತ್ತರ ಸಿದ್ಧ ಇರುತ್ತದೆ. ಇದು ಆ ಪಟ್ಟಿಯಲ್ಲಿ ಇಲ್ಲದ ದೂರು. "ಹೊಸಾ ಕೋನ್ ಐತ್ರಿ, ನಾಕ ದಿನ ಆಡಿದ್ರ ಬಿಗಿ ಬಿಡತೈತಿ" ಎಂದು ಹೋದ ವಾರ ಹೇಳಿ ಕಳಿಸಿದ್ದೆ. ಅದನ್ನೇ ಮತ್ತೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಚೀಲದಿಂದ ಒಂದು ನೋಟುಬುಕ್ಕು ತೆಗೆದು ನನ್ನ ಮುಂದೆ ಹಿಡಿದರು.

ಮಾಸ್ತರರ ವಿಷಯ ಇಲ್ಲಿ ಹೇಳಬೇಕು. ಎರಡು ವರ್ಷದ ಹಿಂದೆ ಅವರಿಗೆ ಗಂಟಲಿನ ಆಪರೇಷನ್ ಆಯಿತು. ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕುತ್ತಿಗೆಯಲ್ಲಿನ ಒಂದು ರಂಧ್ರದಿಂದ ಉಸಿರಾಡುತ್ತಾರೆ. ಮಾತಿಲ್ಲ, ಪಿಸುಮಾತೂ ಇಲ್ಲ. ಆದರೆ ಕ್ಲಾಸು ನಿಲ್ಲಿಸಿರಲಿಲ್ಲ. ಚಲೋ ಇದ್ದ ಕಾಲದಲ್ಲಿ ಒಂದೇ ಮೈಕ್ ಇಟ್ಟು ಹಾಡಿ ಧ್ವನಿಮುದ್ರಣ ಮಾಡಿಸಿಕೊಂಡದ್ದು ಒಂದು ಪೆನ್‌ಡ್ರೈವಿನ ತುಂಬ ಇತ್ತು. ಅದನ್ನು ಹಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಕೈಯಲ್ಲಿ ಸ್ವರ ತೋರಿಸುತ್ತ ಕಲಿಸುತ್ತಿದ್ದರು. ಹೇಳಲೇಬೇಕಾದದ್ದು ಇದ್ದರೆ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ಹಾಗಾಗಿ ಅವರ ಮನೆಯ ಆ ಎರಡು ಪೆಟ್ಟಿಗೆಗಳು ಬರೀ ಪೆಟ್ಟಿಗೆಗಳಲ್ಲ, ಅವರ ಬಾಯಿ.

ಶಿಷ್ಯೆ ತೋರಿಸಿದ ಪುಟದಲ್ಲಿ ಮೇಲೆ ಒಂದು ಸಾಲು ಇತ್ತು: "ನನ್ನ ದನಿ ಮೊದಲಿಂದ ಹಿಂಗ ಇತ್ತೇನು?" ಅದರ ಕೆಳಗೆ: "ಸೋಮವಾರದಿಂದ ಯಾರೂ ಬರಬ್ಯಾಡ್ರಿ. ಇಂಥಾ ದನಿ ಕಲ್ತು ಏನ್ ಮಾಡ್ತೀರಿ."

"ನಾವು ಎಲ್ಲಾರೂ ಹೇಳೇವ್ರಿ, ನಿಮ್ಮ ದನಿ ಹಿಂಗ ಇರ್ಲಿಲ್ಲ ಅಂತ. ಅವರು ನಂಬವಲ್ರು. ನೀವು ನನ್ನ ಮನಸಿಗೆ ಬ್ಯಾಸರ ಆಗಬಾರ್ದಂತ ಹೇಳಾಕತ್ತೀರಿ ಅಂತ ಬರೀತಾರ್ರಿ" ಅಂದರು ಆ ತಾಯಿ.

ನನ್ನ ಸಿಟ್ಟು ಜರ್ ಅಂತ ಇಳಿಯಿತು. ಒಬ್ಬ ಮನುಷ್ಯ ದನಿ ಕಳೆದುಕೊಂಡಿದ್ದಾನೆ, ಅದು ದೇವರ ಲೆಕ್ಕ. ಆದರೆ ಇದ್ದ ದನಿಯೂ ಚಲೋ ಇರಲಿಲ್ಲ ಎಂದು ಅವನಿಗೆ ಅನ್ನಿಸಿದರೆ, ಅದು ನನ್ನ ಬೆಂಚಿನ ಲೆಕ್ಕ. ಸೋಮವಾರಕ್ಕೆ ನಾಲ್ಕು ದಿನ ಉಳಿದಿದ್ದವು.

ಪೆಟ್ಟಿಗೆ ಬಿಚ್ಚಿದೆ. ಅದರಲ್ಲಿ ಎರಡು ಸ್ಪೀಕರ್ ಇರುತ್ತವೆ. ಕೆಳಗೆ ಎಂಟಿಂಚಿನ ದೊಡ್ಡದು, ವೂಫರ್; ಅದರ ಮುಂದೆ ಕಾಣುವ ಕಾಗದದ ಬಟ್ಟಲೇ ಕೋನ್, ಅದನ್ನು ಅಲುಗಿಸುವುದು ಅದಕ್ಕೆ ಅಂಟಿದ ತಂತಿಯ ಸುರುಳಿ, ಕಾಯಿಲ್. ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಗುಮ್ಮಟ ಇರುವ ಟ್ವೀಟರ್. ಹಾಡುವವರ ಎದೆಯಿಂದ ಬರುವ ದನಿಯೆಲ್ಲ ದೊಡ್ಡದರ ಪಾಲು. ಸ, ಶ, ಚ, ಉಸಿರಿನ ಸದ್ದು ಸಣ್ಣದರ ಪಾಲು. ಈ ಪಾಲು ಮಾಡುವುದು ಹಿಂದೆ ಕೂತ ಕ್ರಾಸ್‌ಓವರ್, ಅಂದರೆ ಒಂದು ತಂತಿಯ ಸುರುಳಿ ಮತ್ತು ಒಂದೆರಡು ಕಂಡೆನ್ಸರ್. ಆದರೆ ಪಾಲು ಎಂದರೆ ಗೋಡೆ ಕಟ್ಟಿದ ಹಾಗೆ ಆಗುವುದಿಲ್ಲ. ನಡುವೆ ಒಂದು ಪಟ್ಟಿ ಇರುತ್ತದೆ, ಅಲ್ಲಿ ಇಬ್ಬರೂ ಮಾತಾಡುತ್ತಾರೆ. ಇಬ್ಬರೂ ಒಂದೇ ಗಳಿಗೆಯಲ್ಲಿ ಮುಂದೆ ಬಂದು ಒಂದೇ ಗಳಿಗೆಯಲ್ಲಿ ಹಿಂದೆ ಸರಿದರೆ ಕೇಳುವವನಿಗೆ ಒಬ್ಬನೇ ಮನುಷ್ಯ ಹಾಡಿದಂತೆ ಕೇಳಿಸುತ್ತದೆ. ಒಬ್ಬ ಮುಂದೆ ಬಂದಾಗ ಇನ್ನೊಬ್ಬ ಹಿಂದೆ ಹೋದರೆ ಇಬ್ಬರೂ ಸೇರಿ ದನಿಯನ್ನು ನುಂಗಿಬಿಡುತ್ತಾರೆ. ಹಿಡಿದದ್ದು ಒಂದೇ ಗೂಟ, ಬೀಸುವವರು ಇಬ್ಬರು. ಒಬ್ಬಳು ಎಳೆಯುವಾಗ ಇನ್ನೊಬ್ಬಳೂ ತನ್ನ ಕಡೆಗೆ ಎಳೆದರೆ ಬೀಸುಕಲ್ಲು ನಿಂತೇ ಹೋಗುತ್ತದಲ್ಲ, ಹಾಗೆ. ಇದಕ್ಕೆ ಫೇಸ್ ಅನ್ನುತ್ತಾರೆ. ನಮ್ಮ ಕಡೆ ಫೇಸ್ ಅಂದರೆ ಹೊಲದ ಪಂಪಿಗೆ ಬರುವ ತ್ರೀ ಫೇಸ್ ಕರೆಂಟು. ಆ ಶಬ್ದ ಬಾಯಿಗೆ ಬಂದರೆ ಸಾಕು, ಅಂಗಡಿಯಲ್ಲಿ ಕೂತವರೆಲ್ಲ ಕರೆಂಟು ಎಷ್ಟು ತಾಸು ಕೊಡ್ತಾರ ಎಂದು ಶುರು ಮಾಡುತ್ತಾರೆ. ಅದಕ್ಕೇ ನಾನು ಹೆಜ್ಜೆ ಅನ್ನುತ್ತೇನೆ.

ಮಾಸ್ತರರ ಎಡಗಡೆ ಪೆಟ್ಟಿಗೆಯ ವೂಫರ್ ದಸರೆಗೆ ಮೊದಲು ಕೆಟ್ಟಿತ್ತು. ಕೋನಿನ ಅಂಚಿನ ಪಟ್ಟಿ ಹಪ್ಪಳದಂತೆ ಪುಡಿಯಾಗಿತ್ತು, ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುತ್ತಿತ್ತು. ಬಲಗಡೆಯದು ಚಲೋ ಇದೆ ಎಂದು ಅದನ್ನು ತಂದೇ ಇರಲಿಲ್ಲ. ನಾನು ಹೊಸ ಕಾಯಿಲ್ ಸುತ್ತಿ, ಹುಬ್ಬಳ್ಳಿಯಿಂದ ತರಿಸಿಟ್ಟಿದ್ದ ಮಿರಿಮಿರಿ ಮಿಂಚುವ ಕೋನ್ ಹಾಕಿದ್ದೆ. ಈಗಿನ ಕೋನ್‌ಗಳೆಲ್ಲ ಹಾಗೆಯೇ. ದಪ್ಪ ರಬ್ಬರ್ ಅಂಚು, ಮೇಲೆ ಒಂದು ಲೇಪ. ಮೆರವಣಿಗೆಯ ಟ್ರ್ಯಾಕ್ಟರಿನ ಮೇಲೆ ಕೂತು ಕಿಟಕಿ ಗಾಜು ನಡುಗಿಸಲು ಮಾಡಿದ್ದು.

ತಪ್ಪು ಇಲ್ಲೇ ಇದೆ ಅನ್ನಿಸಿತು. ಮಾಸ್ತರರ ಹಳೆಯ ಕೋನಿನ ಚೂರುಗಳನ್ನು ಒಂದು ಕಾಗದದಲ್ಲಿ ಕಟ್ಟಿ ಇಟ್ಟಿದ್ದೆ. ಅದನ್ನೂ, ಹೊಸ ಕೋನಿನಂಥದ್ದೇ ಇನ್ನೊಂದನ್ನೂ ತೆಗೆದುಕೊಂಡು ಪಕ್ಕದ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿದೆ. ಹೊಸದು ಹಳೆಯದರ ಎರಡರಷ್ಟು ಭಾರ. ಭಾರವಾದ ಕೋನ್ ಹೊರಡುವುದೂ ತಡ, ನಿಲ್ಲುವುದೂ ತಡ. ಟ್ವೀಟರ್ ಆಗಲೇ ಮಾತು ಮುಗಿಸಿದಾಗ ಇದು ಇನ್ನೂ ಎದ್ದು ನಿಲ್ಲುತ್ತಿರುತ್ತದೆ. ಸಿಕ್ಕಿತು ಎಂದುಕೊಂಡೆ. ಸಿಕ್ಕಿದ್ದು ಅರ್ಧ ಮಾತ್ರ ಎಂದು ಗೊತ್ತಾಗಲು ಭಾನುವಾರ ಬರಬೇಕಾಯಿತು.

ಗುರುವಾರ ಬೆಳಿಗ್ಗೆ ರೋಣಕ್ಕೆ ಹೋದೆ. ಅಲ್ಲಿ ಒಬ್ಬ ಹಿರಿಯ ರೇಡಿಯೋ ಮೆಕ್ಯಾನಿಕ್ ಇದ್ದಾರೆ, ಈಗ ಔಷಧ ಹೊಡೆಯುವ ಪಂಪು ಮಾರುತ್ತಾರೆ. ಹಿಂಗಾರಿ ಬಿತ್ತನೆಯ ದಿನಗಳು, ಅಂಗಡಿ ತುಂಬ ಜನ. ಗಿರಾಕಿಗಳು ಕರಗುವವರೆಗೆ ಕಾದು ನಿಂತು ಕೇಳಿದೆ.

"ಕಾಕಾ, ಎಂಟಿಂಚಿನ ಹಗರ ಕಾಗದದ ಕೋನ್ ಅದಾವೇನ್ರಿ? ಬಟ್ಟಿ ಅಂಚಿಂದು?"

"ಅದಾವ. ಈಗ ಅವನ್ಯಾಂವ ಕೇಳ್ತಾನೋ? ಎಲ್ಲಾರಿಗೂ ಎದಿ ನಡುಗಬೇಕು."

"ಹಾಡೋ ದನಿ ಐತ್ರಿ, ಅದಕ್ಕ. ಭಾರ ಕೋನ್ ಹಾಕಿ ಕೆಡಿಸೀನಿ."

ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿ ಧೂಳು ಹೊಡೆದರು. "ಭಾರ ಕೋನ್ ಸುಳ್ಳ ಹೇಳಂಗಿಲ್ಲ ನೋಡು. ಖರೇನ ಹೇಳ್ತೈತಿ, ತಡಾ ಮಾಡಿ ಹೇಳ್ತೈತಿ" ಎಂದು ನಕ್ಕರು. ಬೆರಳ ತುದಿಯಿಂದ ಒಂದು ಕೋನ್ ತಟ್ಟಿ ಸದ್ದು ಕೇಳಿ ನನ್ನ ಕೈಗೆ ಕೊಟ್ಟರು. ನಾನು ಹೊರಟು ನಿಂತಾಗ ಕೇಳಿದರು: "ಶೆಲ್ ಹಚ್ಚಿ ನೋಡಿಯಿಲ್ಲೋ?"

"ನೋಡೀನ್ರಿ ಕಾಕಾ. ಗುರ್ತ ಹಾಕೀನಿ" ಅಂದೆ.

ಸ್ವಲ್ಪ ಬಿರುಸಾಗಿಯೇ ಅಂದೆ. ಶೆಲ್ ಹಚ್ಚಿ ನೋಡುವುದು ಈ ಕೆಲಸದ ಓನಾಮ. ಟಾರ್ಚಿನ ಒಂದು ಶೆಲ್ ತೆಗೆದುಕೊಂಡು ಸ್ಪೀಕರಿನ ಎರಡು ತುದಿಗೆ ಕ್ಷಣಮಾತ್ರ ಮುಟ್ಟಿಸುತ್ತೇವೆ. ಕೋನ್ ಹೊರಗೆ ಜಿಗಿದರೆ ಶೆಲ್ಲಿನ ಪ್ಲಸ್ ಯಾವ ತುದಿಗಿದೆಯೋ ಅದೇ ಸ್ಪೀಕರಿನ ಪ್ಲಸ್. ಅಲ್ಲಿ ಒಂದು ಕೆಂಪು ಚುಕ್ಕೆ ಇಡುತ್ತೇವೆ. ನಾನು ಹೆಂಡತಿಯ ನೇಲ್ ಪಾಲಿಶ್ ಇಡುತ್ತೇನೆ, ಅಳಿಸುವುದಿಲ್ಲ. ನನ್ನಂಥವನಿಗೆ ಇದನ್ನು ಕೇಳುವುದೆಂದರೆ ಅಡಿಗೆಯವಳಿಗೆ ಉಪ್ಪು ಹಾಕಿದೆಯೇನು ಎಂದು ಕೇಳಿದಂತೆ. ಉಪ್ಪು ಹಾಕದೆಯೂ ಅಡಿಗೆ ಆಗುತ್ತದೆ ಎಂಬುದು ಆಗ ನೆನಪಾಗಲಿಲ್ಲ.

ಅಂದು ಮಧ್ಯಾಹ್ನವೇ ಕೆಲಸಕ್ಕೆ ಕೂತೆ. ಕಾಯಿಲ್ ಹೊಸದಿತ್ತು, ಅದನ್ನು ಉಳಿಸಿಕೊಂಡು ಕೋನ್ ಮಾತ್ರ ಬದಲಿಸಬೇಕು. ಹತ್ತಿಯಲ್ಲಿ ಥಿನ್ನರ್ ಅದ್ದಿ ಅಂಟಿನ ಮೇಲೆ ಇಟ್ಟು, ಮೆತ್ತಗಾದಷ್ಟೇ ಬ್ಲೇಡಿನಿಂದ ಬಿಡಿಸಿ, ಮತ್ತೆ ಅದ್ದಿ, ಮತ್ತೆ ಬಿಡಿಸಿ, ಎರಡು ತಾಸು ಹಿಡಿಯಿತು. ತಲೆಕೂದಲಿನಂಥ ತಂತಿ, ಒಂದು ಸಲ ಕೈ ನಡುಗಿದರೆ ಎಲ್ಲ ಮೊದಲಿಂದ. ಕಾಯಿಲ್ ಮ್ಯಾಗ್ನೆಟ್ಟಿನ ಸಂದಿಯಲ್ಲಿ ಸರಿಯಾಗಿ ನಡುವೆ ನಿಲ್ಲಲು ಸುತ್ತ ತೆಳುವಾದ ಪಟ್ಟಿ ಸಿಗಿಸುತ್ತೇವೆ. ಅದಕ್ಕೆ ದವಾಖಾನೆಯ ಹಳೆಯ ಎಕ್ಸ್-ರೇ ಹಾಳೆ ಕತ್ತರಿಸಿಕೊಳ್ಳುವುದು ನನ್ನ ರೂಢಿ. ಯಾರದೋ ಮೊಣಕಾಲಿನ ನಾಲ್ಕು ಪಟ್ಟಿ ಸಿಗಿಸಿ, ರೋಣದ ಕೋನ್ ಇಟ್ಟು ಅಂಟು ಹಾಕಿದೆ. ಕಾಯಿಲ್‌ನ ಎರಡು ತಂತಿಗಳನ್ನು ಬಿಚ್ಚುವಾಗ ಯಾವುದು ಯಾವ ತುದಿಯದು ಎಂದು ಚೀಟಿ ಕಟ್ಟಿದ್ದೆ, ಅಲ್ಲಿಂದಲ್ಲಿಗೇ ಮತ್ತೆ ಸೋಲ್ಡರ್ ಮಾಡಿದೆ. ಕೆಂಪು ಚುಕ್ಕೆ ಇದ್ದಲ್ಲೇ ಇತ್ತು. ಅಷ್ಟು ಜೋಪಾನ ಮಾಡಿದೆ ನಾನು, ನನ್ನ ತಪ್ಪನ್ನು.

ಅಂಟು ಒಣಗಲು ಶುಕ್ರವಾರ ಬಿಟ್ಟೆ. ಶನಿವಾರ ಪೆಟ್ಟಿಗೆಗೆ ಕೂಡಿಸಿ ಹಾಡು ಹಚ್ಚಿದೆ. ಹೋದ ಸಲಕ್ಕಿಂತ ಎಷ್ಟೋ ವಾಸಿ. ದನಿಗೆ ಚುರುಕು ಬಂದಿತ್ತು, ತಬಲಾದ ಪೆಟ್ಟು ಪೆಟ್ಟಿನಂತೆ ಕೇಳುತ್ತಿತ್ತು. ಗಂಟಲಿನ ಜಾಗದಲ್ಲಿ ಏನೋ ಒಂದಿಷ್ಟು ತೆಳು ಅನ್ನಿಸಿತು. ಮತ್ತೆ ಅದೇ ಹಳೆಯ ಸಮಾಧಾನ ಹೇಳಿಕೊಂಡೆ: ನಾಕ ದಿನ ಆಡಿದರೆ ಬಿಡುತ್ತದೆ.

ಭಾನುವಾರ ಪೆಟ್ಟಿಗೆ ಹೊತ್ತು ನಾನೇ ನರೇಗಲ್ಲಿಗೆ ಹೋದೆ. ಸೋಲ್ಡರಿಂಗ್ ಕಡ್ಡಿ, ಸ್ಕ್ರೂ ಡ್ರೈವರ್, ಎರಡು ಶೆಲ್ ಚೀಲದಲ್ಲಿ ಯಾವಾಗಲೂ ಇರುತ್ತವೆ. ಮಾಸ್ತರರ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಗೋಡೆಗೆ ಒಂದು ಕಪಾಟು, ಕಪಾಟಿನ ಬಲಕ್ಕೆ ಒಂದು ಪೆಟ್ಟಿಗೆ. ಎಡಕ್ಕೆ ನಾನು ತಂದದ್ದನ್ನು ಇಟ್ಟೆ. ಮಾಸ್ತರರು ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಒಂದು ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಎರಡೂ ಕೈಯಿಂದ ನನ್ನ ಕೈ ಹಿಡಿದು ಕೂಡಿಸಿದರು. ಶಿಷ್ಯೆಯೂ ಬಂದು ಬಾಗಿಲ ಹತ್ತಿರ ಕೂತಿದ್ದರು.

ಮಾಸ್ತರರದೇ ಯಮನ್ ಆಲಾಪ ಹಚ್ಚಿದೆ. ಎರಡು ನಿಮಿಷ ಕೇಳಿದರು. ನೋಟುಬುಕ್ಕು ಎಳೆದುಕೊಂಡು ಬರೆದು ನನ್ನ ಕಡೆ ತಿರುಗಿಸಿದರು: "ಸಾಕು ಬಿಡ್ರಿ. ನಿಮ್ಮ ತಪ್ಪಲ್ಲ. ದನಿನೇ ಹಿಂಗ."

ನನ್ನ ತಪ್ಪಲ್ಲ ಎಂದು ಗಿರಾಕಿಯೊಬ್ಬರು ಹೇಳಿದ್ದು ಅದೇ ಮೊದಲು. ಬೈದಿದ್ದರೆ ಚೆನ್ನಾಗಿತ್ತು. ಖರೇ ಹೇಳುತ್ತೇನೆ, ನನಗೆ ಅಳು ಬಂದಂತಾಯಿತು. ಅಂಗಡಿಯಲ್ಲಿ ಇದ್ದ ಚುರುಕು ಇಲ್ಲಿ ಎಲ್ಲಿ ಹೋಯಿತು? ಎದೆಯ ದನಿ ಎಲ್ಲಿ ಹೋಯಿತು? ಕಾಗದ ಸುತ್ತಿ ಅದರಲ್ಲಿ ಮಾತಾಡಿದಂತೆ ಕೇಳುತ್ತಿತ್ತು.

ಶಿಷ್ಯೆ ಎದ್ದು ಬಂದು ಎರಡೂ ಪೆಟ್ಟಿಗೆಗಳ ಮುಂದೆ ಅತ್ತ ಇತ್ತ ಓಡಾಡಿದರು. ಬಟ್ಟೆಯ ಅಳತೆ ತೆಗೆಯುವವರ ಹಾಗೆ ನಿಂತು, ಸರಿದು, ಮತ್ತೆ ನಿಂತು.

"ಅಣ್ಣಾರ, ಮೊದಲ ಹಿಂಗ ಕೇಳಸ್ತಿರ್ಲಿಲ್ರಿ. ಕಣ್ಣ ಮುಚ್ಚಿದ್ರ ಈ ಕಪಾಟಿನ ಮುಂದ ಮಾಸ್ತರು ಕುಂತಂಗ ಇತ್ತು. ಈಗ ಆ ಕಡಿ ಅರ್ಧಾ, ಈ ಕಡಿ ಅರ್ಧಾ. ನಡುವ ಯಾರೂ ಇಲ್ರಿ."

ನಡುವೆ ಯಾರೂ ಇಲ್ಲ. ಅವರು ಅದನ್ನು ಹೇಳಿದ ಕೂಡಲೇ ಎದ್ದು ಎರಡೂ ಪೆಟ್ಟಿಗೆಗಳ ನಡುವೆ ನಿಂತು ಕೇಳಿದೆ. ಒಂದೇ ಮೈಕಿನಲ್ಲಿ ಹಿಡಿದ ದನಿ ಎರಡೂ ಪೆಟ್ಟಿಗೆಯಿಂದ ಸಮನಾಗಿ ಬಂದರೆ ನಡುವೆಯೇ ನಿಲ್ಲಬೇಕು. ನಿಲ್ಲುತ್ತಿಲ್ಲ ಎಂದರೆ ಒಂದು ಪೆಟ್ಟಿಗೆ ಮುಂದೆ ಹೆಜ್ಜೆ ಇಡುವಾಗ ಇನ್ನೊಂದು ಹಿಂದೆ ಇಡುತ್ತಿದೆ. ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪೆಟ್ಟಿಗೆ. ಜೋಡಿ ಇಲ್ಲದವನ ಹೆಜ್ಜೆ ತಪ್ಪಿದೆ ಎಂದು ಹೇಳುವುದು ಹೇಗೆ!

ಬಲಗಡೆಯದನ್ನು ಬಿಚ್ಚಿಟ್ಟು ಎಡದ್ದು ಒಂದನ್ನೇ ಹಚ್ಚಿದೆ: ದನಿಗೆ ಎದೆ ಬಂತು. ಎಡದ್ದು ಬಿಚ್ಚಿ ಬಲದ್ದು ಹಚ್ಚಿದೆ: ಎದೆ ಇತ್ತು. ಎರಡೂ ಹಚ್ಚಿದೆ: ಹೋಯಿತು. ಹಿಂದಿನ ತಂತಿಗಳನ್ನು ನೋಡಿದೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಒಂದೂ ತಪ್ಪಿಲ್ಲ. ಆದರೂ ಎಡ ಪೆಟ್ಟಿಗೆಯ ಎರಡು ತಂತಿಗಳನ್ನು ಅದಲು ಬದಲು ಮಾಡಿದೆ.

ದನಿ ಕಪಾಟಿನ ಮುಂದೆ ಬಂದು ಕೂತಿತು. ಶಿಷ್ಯೆ "ಅಯ್ಯಽ" ಅಂದರು. ಮಾಸ್ತರರು ತಲೆ ಎತ್ತಿದರು.

ಅಲ್ಲಿಗೆ ಬಿಟ್ಟು ಬರಬಹುದಿತ್ತು. ಆದರೆ ಇನ್ನೂ ಏನೋ ಕೊಸರು. ಉಸಿರು ಎಳೆದುಕೊಂಡಲ್ಲೆಲ್ಲ ದನಿ ಎಡಕ್ಕೆ ಒಂದು ಬಟ್ಟೆ ಮುಚ್ಚಿಕೊಂಡಂತೆ ಆಗುತ್ತಿತ್ತು. ಹಿಂದೆ ತಂತಿ ತಿರುಗಿಸಿದಾಗ ವೂಫರಿನ ಜೊತೆ ಟ್ವೀಟರೂ ತಿರುಗಿತಲ್ಲ! ದೊಡ್ಡದು ಸರಿಯಾಯಿತು, ಅಲ್ಲಿಯವರೆಗೆ ಸರಿಯಿದ್ದ ಸಣ್ಣದು ಕೆಟ್ಟಿತು. ಅಂದರೆ ತಪ್ಪು ಪೆಟ್ಟಿಗೆಯ ಹೊರಗಿಲ್ಲ, ಒಳಗಿದೆ.

ಎಂಟು ಸ್ಕ್ರೂ ಬಿಚ್ಚಿ ವೂಫರ್ ಹೊರಗೆ ತೆಗೆದು ಜಮಖಾನೆಯ ಮೇಲೆ ಇಟ್ಟೆ. ಚೀಲದಿಂದ ಶೆಲ್ ತೆಗೆದೆ. ಮೊದಲು ಬಲಗಡೆಯದನ್ನು ನೋಡಿದೆ: ಕೆಂಪಿಗೆ ಪ್ಲಸ್ ಮುಟ್ಟಿಸಿದರೆ ಟಪ್ ಎಂದು ಕೋನ್ ಹೊರಗೆ. ನಾನು ಮಾಡಿದ್ದಕ್ಕೆ ಮುಟ್ಟಿಸಿದೆ. ಟಪ್ ಎಂದು ಕೋನ್ ಒಳಗೆ ಹೋಯಿತು.

ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದೆ. ನೇಲ್ ಪಾಲಿಶ್ ಬೆರಳಿಗೆ ಹತ್ತುವುದಿಲ್ಲ. ಇದು ಹತ್ತಿತು.

ಆಗ ಎಲ್ಲ ಕಣ್ಣ ಮುಂದೆ ಬಂತು. ಆಯುಧ ಪೂಜೆಗೆ ನಮ್ಮ ಕಡೆ ಖಂಡೇ ಪೂಜೆ ಅನ್ನುತ್ತಾರೆ. ಅಂದು ಯಾವ ಹತಾರನ್ನೂ ಕೆಲಸಕ್ಕೆ ಮುಟ್ಟುವಂತಿಲ್ಲ. ಮಾಸ್ತರರ ವೂಫರಿಗೆ ಹಿಂದಿನ ದಿನವಷ್ಟೇ ಕೋನ್ ಅಂಟಿಸಿ, ಮುಖ ಕೆಳಗೆ ಮಾಡಿ, ಒಣಗಲು ಬೆಂಚಿನ ಮೇಲೆ ಬಿಟ್ಟಿದ್ದೆ. ಶೆಲ್ ಪರೀಕ್ಷೆ ಹಬ್ಬ ಮುಗಿದ ಮೇಲೆ ಮಾಡೋಣ ಎಂದುಕೊಂಡಿದ್ದೆ. ನನ್ನ ಹೆಂಡತಿ ಅಂಗಡಿಗೆ ಬಂದು, ಉದುರಬಾರದೆಂದು ಕುಂಕುಮಕ್ಕೆ ಎರಡು ಹನಿ ಎಣ್ಣೆ ಕಲಸಿ, ಕಾಯಿಲ್ ಸುತ್ತುವ ಮಷೀನಿಗೆ, ಮೀಟರಿಗೆ, ಸೋಲ್ಡರಿಂಗ್ ಕಡ್ಡಿಗೆ, ಇಕ್ಕಳಕ್ಕೆ ಒಂದೊಂದು ಬೊಟ್ಟು ಇಟ್ಟಳು. ಬೆಂಚಿನ ಮೇಲೆ ಕಂಡದ್ದನ್ನೆಲ್ಲ ಪೂಜಿಸಿದಳು. ವೂಫರಿಗೂ ಇಟ್ಟಳು, ಹಿತ್ತಾಳೆಯ ತುದಿ ಹೊಳೆಯುತ್ತಿತ್ತೇನೋ, ಅದರ ಮೇಲೆ. ಹಬ್ಬದ ಮರುದಿನ ನಾನು ಬಂದು ಕೆಂಪು ಚುಕ್ಕೆ ನೋಡಿ, ಓಹೋ ಪರೀಕ್ಷೆ ಮುಗಿಸಿಯೇ ಹೋಗಿದ್ದೇನೆ ಎಂದು ತಂತಿ ಕೂಡಿಸಿದೆ. ಮೈನಸ್ಸಿಗೆ ಕುಂಕುಮ ಇಟ್ಟು ಪ್ಲಸ್ ಎಂದು ಕೈಮುಗಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಮಾಸ್ತರರು ನೋಡುತ್ತಿದ್ದರು, ಆದರೆ ಅವರಿಗೆ ಏನೂ ಗೊತ್ತಾಗಿರಲಿಲ್ಲ. ಎರಡು ತಂತಿ ಬಿಚ್ಚಿ ತಿರುಗಿಸಿ ಸೋಲ್ಡರ್ ಮಾಡಲು ಐದು ನಿಮಿಷ. ಸಣ್ಣ ದೋಷ ಇತ್ತು, ತೆಗೆದೆ ಎಂದರೆ ಭಾಳ ಶಾಣ್ಯಾ ಎಂದು ಬರೆದು ಕೈಮುಗಿದು ಕಳಿಸುತ್ತಿದ್ದರು. ಆ ಆಸೆ ನನಗೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಶಿಷ್ಯೆ ನನ್ನ ಹೆಬ್ಬೆರಳು ನೋಡಿ, "ರಕ್ತ ಬಂತೇನ್ರಿ ಅಣ್ಣಾರ?" ಅಂದರು.

"ರಕ್ತ ಅಲ್ರಿ ಅಕ್ಕಾರ, ಕುಂಕುಮ" ಅಂದೆ. ಅಂದ ಮೇಲೆ ಉಳಿದದ್ದನ್ನೂ ಹೇಳಿದೆ. ಮಾಸ್ತರರ ಕಡೆ ತಿರುಗಿ, "ತಪ್ಪು ನಂದ ಐತ್ರಿ. ನಿಮ್ಮ ದನಿದಲ್ಲ. ನಾನು ಉಲ್ಟಾ ಜೋಡಿಸಿ, ಅದನ್ನ ಎರಡ ಸಲ ನಿಮ್ಮ ಮನಿಗೆ ಕಳಿಸೀನಿ" ಅಂದೆ.

ಖಂಡೇ ಪೂಜೆಯ ಕಥೆ ಕೇಳುತ್ತ ಕೇಳುತ್ತ ಅವರ ಭುಜ ಕುಣಿಯತೊಡಗಿತು. ಕುತ್ತಿಗೆಯ ಬಟ್ಟೆ ಪುಸುಪುಸು ಎಂದು ಹಾರಾಡಿತು. ನಗುತ್ತಿದ್ದಾರೆ ಎಂದು ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು.

ತಂತಿ ತಿರುಗಿಸಿ ಸೋಲ್ಡರ್ ಮಾಡಿದೆ. ಶೆಲ್ ಮುಟ್ಟಿಸಿದೆ, ಹೊರಗೆ ಜಿಗಿಯಿತು. ಮಾಸ್ತರರ ಕೈಯಿಂದಲೂ ಮುಟ್ಟಿಸಿದೆ. ಪೆಟ್ಟಿಗೆ ಮುಚ್ಚಿ, ಹಿಂದಿನ ತಂತಿ ಮೊದಲಿನಂತೆ ಕೂಡಿಸಿ, ಅದೇ ಆಲಾಪ ಹಚ್ಚಿದೆ. ಈ ಸಲ ದನಿ ಒಂದೇ ಆಗಿತ್ತು. ಎದೆ, ಗಂಟಲು, ತುಟಿ, ಎಲ್ಲ ಒಂದೇ ಮೈಯಲ್ಲಿ, ಕಪಾಟಿನ ಮುಂದೆ. ಶಿಷ್ಯೆ ಬಾಯಿಗೆ ಸೆರಗು ಒತ್ತಿಕೊಂಡು ಕೂತರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮಾಸ್ತರರು ಬರೆದರು: "ಚಂದ ಐತಿ. ನೀವು ಚಂದ ಮಾಡೀರಿ." ಅದರ ಕೆಳಗೆ: "ಮಷೀನ್‌ದಾಗ ಏನ್ ಬೇಕಾದ್ರೂ ಮಾಡಬಹುದು. ನನ್ನ ಮೊಮ್ಮಗಳು ಫೋನಿನಾಗ ನನ್ನ ಹಾಡು ಬೆಕ್ಕಿನ ದನಿಯೊಳಗ ಮಾಡಿ ತೋರಿಸ್ಯಾಳ."

ಕಲ್ಲು ಮತ್ತೆ ಏರಿತು. ನಾನು ಏನೂ ಸೇರಿಸಿಲ್ಲ, ಕಳೆದಿಲ್ಲ, ಎರಡು ತಂತಿ ತಿರುಗಿಸಿದ್ದು ಅಷ್ಟೇ ಎಂದೆ. ತಲೆ ಅಲ್ಲಾಡಿಸಿದರು. ನೀವೇ ಶೆಲ್ ಹಚ್ಚಿ ನೋಡಿದಿರಲ್ಲ ಎಂದೆ. ನಕ್ಕರು, ನಂಬಲಿಲ್ಲ. ಅವರ ಮನಸ್ಸಿನಲ್ಲಿ ಆ ಕೆಟ್ಟ ದನಿಯೇ ಖರೇ ಎಂದು ಕೂತುಬಿಟ್ಟಿತ್ತು, ಈಗ ಕೇಳುವುದು ನಾನು ಹಚ್ಚಿದ ಬಣ್ಣ. ವಾದ ಮಾಡಿ ಗೆಲ್ಲುವ ಮಾತಲ್ಲ ಎಂದು ತಿಳಿಯಿತು. ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ ಎಂದು ತೋರಿಸಬೇಕಾದರೆ ಅವರಿಗೆ ಚೆನ್ನಾಗಿ ಗೊತ್ತಿರುವ, ಈಗಲೂ ಜೀವಂತ ಇರುವ ಒಂದು ದನಿ ಬೇಕು.

"ಅಕ್ಕಾರ, ಒಂದೀಟ ಮಾಳಗಿ ಮ್ಯಾಲೆ ಬರ್ರಿ" ಎಂದು ಶಿಷ್ಯೆಯನ್ನು ಕರೆದೆ.

ಮಾಳಿಗೆಯ ಮೇಲೆ ಬಯಲು ತಾರಸಿ; ಗೋಡೆಗಳಿಲ್ಲ, ಪ್ರತಿಧ್ವನಿ ಇಲ್ಲ. ಪಡಸಾಲೆಯಲ್ಲಿ ಹಿಡಿದರೆ ಪಡಸಾಲೆಯ ಸದ್ದೂ ಸೇರಿ, ಆಡಿಸುವಾಗ ಅದು ಇಮ್ಮಡಿಯಾಗುತ್ತದೆ. ಅವರನ್ನು ನನ್ನ ಫೋನಿನ ಮುಂದೆ ಒಂದು ಮಾರು ದೂರ ನಿಲ್ಲಿಸಿ, ಅದೇ ಯಮನ್ ಆಲಾಪ ಹಾಡಿರಿ ಅಂದೆ. ನಾಚಿಕೊಂಡು ಹಾಡಿದರು. ಗಾಳಿ ಇರಲಿಲ್ಲ, ಚಲೋ ಬಂತು.

ಕೆಳಗೆ ಬಂದು ಮಾಸ್ತರರಿಗೆ ಕಪಾಟಿಗೆ ಬೆನ್ನು ಮಾಡಿ ಕೂಡಲು ಹೇಳಿದೆ. "ಈಕಿ ಹಾಡ್ತಾಳ್ರಿ. ಕ್ಲಾಸಿನ್ಯಾಗ ಹೆಂಗ ತಿದ್ದತೀರಿ ಹಂಗ ತಿದ್ದ್ರಿ" ಅಂದೆ. ಅವರು ಕಣ್ಣು ಮುಚ್ಚಿದರು. ಶಿಷ್ಯೆ ಕಪಾಟಿನ ಮುಂದೆ ನಿಂತು ಆಲಾಪದ ಮೊದಲಷ್ಟನ್ನು ಬಾಯಿಂದಲೇ ಹಾಡಿದರು, ಮಾಸ್ತರರು ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದರು. ನಾನು ಕೈ ಮಾಡಿದೆ. ಮೊದಲೇ ಹೇಳಿಕೊಟ್ಟಂತೆ ಶಿಷ್ಯೆ ಹಾಡು ನಿಲ್ಲಿಸಿ ಸದ್ದಿಲ್ಲದೆ ಬಾಗಿಲ ಕಡೆ ಸರಿದರು. ಫೋನಿನಲ್ಲಿ ಹಿಡಿದ ಅದರ ಮುಂದಿನ ಭಾಗವನ್ನು ಪೆಟ್ಟಿಗೆಗಳಲ್ಲಿ ಹಚ್ಚಿದೆ.

ದನಿ ಏರುತ್ತ ಹೋಯಿತು. ಮೇಲಿನ ಷಡ್ಜಕ್ಕೆ ಹೋಗುವ ಮುನ್ನ ನಿಷಾದ ಒಂದು ಎಳೆಯಷ್ಟು ಇಳಿಯಿತು. ಮಾಸ್ತರರು ತೊಡೆಯ ಮೇಲೆ ಪಟ್ ಎಂದು ಹೊಡೆದು, ತಪ್ಪು ಎಂದು ಬೆರಳು ಅಲ್ಲಾಡಿಸುತ್ತ, ಹುಬ್ಬು ಗಂಟಿಕ್ಕಿ ಕಪಾಟಿನ ಕಡೆ ತಿರುಗಿದರು.

ಕಪಾಟಿನ ಮುಂದೆ ಯಾರೂ ಇರಲಿಲ್ಲ. ಶಿಷ್ಯೆ ಬಾಗಿಲಲ್ಲಿ ನಿಂತು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದರು. ಪೆಟ್ಟಿಗೆಯಿಂದ ಅವರ ದನಿ ಬರುತ್ತಲೇ ಇತ್ತು.

ಮಾಸ್ತರರ ಎತ್ತಿದ ಬೆರಳು ಗಾಳಿಯಲ್ಲೇ ನಿಂತಿತು. ತಂಬಿಗೆ ನೋಡಿದರು, ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಮ್ಮ ಪೆನ್‌ಡ್ರೈವಿನ ಕಡೆ ಕೈ ಮಾಡಿದರು. ನಾನು ಅವರ ಆಲಾಪ ಹಚ್ಚಿದೆ. ಮತ್ತೆ ಬೆನ್ನು ತಿರುಗಿಸಿ ಕೂತರು. ಈ ಸಲ ಬೆರಳಾಡಿಸಲಿಲ್ಲ, ಅಲುಗಾಡಲಿಲ್ಲ. ದನಿ ಏರಿತು, ನಿಷಾದಕ್ಕೆ ಬಂತು, ಅಲ್ಲಿ ಒಂದು ಎಳೆಯಷ್ಟು ಇಳಿಯಿತು. ಅದೇ ಜಾಗದಲ್ಲಿ, ಅಷ್ಟೇ.

ಮುಗಿಯುವವರೆಗೆ ಕೇಳಿದರು. ಕುತ್ತಿ‌ಗೆಯ ಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡು ನೋಟುಬುಕ್ಕು ತೆಗೆದುಕೊಂಡರು. ಬರೆದದ್ದನ್ನು ನನಗಲ್ಲ, ಶಿಷ್ಯೆಗೆ ಕೊಟ್ಟರು. ಆಕೆ ಗಟ್ಟಿಯಾಗಿ ಓದಿದರು:

"ಇದು ನಾನೇ. ನಿನ್ನ ತಪ್ಪು ಎಲ್ಲಿಂದ ಬಂತಂತ ಇವತ್ತ ತಿಳೀತು."

ಓದಿ ನಗಲು ಹೋಗಿ ಅತ್ತರು. ನಾನು ಸ್ಕ್ರೂ ಡ್ರೈವರ್ ಹುಡುಕುವವನಂತೆ ಚೀಲದಲ್ಲಿ ತಲೆ ಹಾಕಿದೆ.

"ಹಂಗಾರ ನಾಳಿ ಬರ್ಲೇನ್ರಿ ಮಾಸ್ತರ?" ಎಂದು ಆಕೆ ಕೇಳಿದರು.

ಮಾಸ್ತರರು ನೋಟುಬುಕ್ಕು ಕಸಿದುಕೊಂಡು ಬರೆದರು: "ಎಲ್ಲಾರೂ ಬರ್ರಿ. ಐದಕ್ಕ. ಮೊದಲ ಆ ನಿಷಾದ ತಿದ್ದೂಣು, ನಂದೂ ನಿಂದೂ."